ಚಕ್ಕಡಿಯ ಪ್ರಶ್ನೆ

ಗದಗ ಸೀಮೆಯ ಎರೆಹೊಲಗಳ ನಡುವಿನ ನಮ್ಮ ಪ್ರೌಢಶಾಲೆಯಲ್ಲಿ ನಾನು ಒಂಬತ್ತನೆಯ ತರಗತಿಗೆ ಬಂದದ್ದು 1987ರಲ್ಲಿ. ಚಲನೆಯ ಮೂರು ನಿಯಮಗಳಿರುವ ನ್ಯೂಟನ್ನನ 'ಪ್ರಿನ್ಸಿಪಿಯಾ' ಪ್ರಕಟವಾಗಿ ಅದೇ ವರ್ಷ 300 ವರ್ಷ ತುಂಬಿತ್ತು. ಪ್ರತಿಯೊಂದು ಕ್ರಿಯೆಗೂ ಅದಕ್ಕೆ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇರುತ್ತದೆ ಎಂಬ ಮೂರನೆಯ ನಿಯಮವನ್ನು ನಾವೆಲ್ಲ ಬಾಯಿಪಾಠ ಒಪ್ಪಿಸಿದ ದಿನ, ಹಿಂದಿನ ಸಾಲಿನಲ್ಲಿದ್ದ ಒಕ್ಕಲುತನದ ಮನೆಯ ಹುಡುಗನೊಬ್ಬ ಎದ್ದು ನಿಂತು, "ಎತ್ತು ಚಕ್ಕಡೀನ ಎಷ್ಟು ಜಗ್ಗತೈತೋ ಚಕ್ಕಡೀನೂ ಎತ್ತನ್ನ ಅಷ್ಟ ಹಿಂದಕ್ಕ ಜಗ್ಗತೈತಿ ಅಂದ್ರ, ಅದು ಮುಂದ ಹೆಂಗ ಹೋಗತೈತ್ರಿ ಸರ್?" ಎಂದು ಕೇಳಿದ. ವಿಜ್ಞಾನದ ಗುರುಗಳು ಅವನನ್ನು ಗದರಲಿಲ್ಲ. ಹಗ್ಗ ಕಟ್ಟಿದ ಕಲ್ಲನ್ನು ಕುದುರೆ ಎಳೆದರೆ ಕಲ್ಲೂ ಕುದುರೆಯನ್ನು ಅಷ್ಟೇ ಬಲದಿಂದ ತನ್ನತ್ತ ಎಳೆಯುತ್ತದೆಂದು ಸ್ವತಃ ನ್ಯೂಟನ್ನನೇ ಬರೆದಿದ್ದಾನೆ, ನಿನ್ನ ಪ್ರಶ್ನೆ ಸಣ್ಣದಲ್ಲ ಎಂದರು. ಆಗ ಅವನ ಮುಖ ಅರಳಿದ್ದು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಗುರುಗಳು ಕಪಾಟಿನಿಂದ ಎರಡು ಸ್ಪ್ರಿಂಗ್ ತಕ್ಕಡಿಗಳನ್ನು ತೆಗೆದು, ಒಂದರ ಕೊಕ್ಕೆಗೆ ಇನ್ನೊಂದರ ಕೊಕ್ಕೆಯನ್ನು ಸಿಕ್ಕಿಸಿ, ತರಗತಿಯ ಗಟ್ಟಿ ಆಳಿನ ಕೈಗೆ ಒಂದನ್ನೂ ನನ್ನ ಕೈಗೆ ಇನ್ನೊಂದನ್ನೂ ಕೊಟ್ಟು ಜಗ್ಗಲು ಹೇಳಿದರು. ನಾನು ಅವನತ್ತ ಸರಿದುಹೋದೆ. ಆದರೂ ಎರಡು ಮುಳ್ಳುಗಳು ಒಂದೇ ಅಂಕಿಯನ್ನು ತೋರಿಸುತ್ತಿದ್ದವು. ಅವನ ಗೆಲುವಿನ ಗುಟ್ಟು ನೆಲಕ್ಕೆ ಊರಿದ ಪಾದಗಳಲ್ಲಿತ್ತು.

ಕ್ರಿಯೆ ಮತ್ತು ಪ್ರತಿಕ್ರಿಯೆಗಳು ಸಮವಾದರೂ ಎರಡು ಬೇರೆ ವಸ್ತುಗಳ ಮೇಲೆ ಬೀಳುವುದರಿಂದ ಒಂದನ್ನೊಂದು ಅಳಿಸಲಾರವು. ಎತ್ತು ಗೊರಸಿನಿಂದ ನೆಲವನ್ನು ಹಿಂದಕ್ಕೆ ಒತ್ತುತ್ತದೆ, ನೆಲ ಎತ್ತನ್ನು ಮುಂದಕ್ಕೆ ನೂಕುತ್ತದೆ. ಈ ನೂಕು ಚಕ್ಕಡಿಯ ಹಿಂದೆಳೆತಕ್ಕಿಂತ ಹೆಚ್ಚಾದಾಗ ಎತ್ತು ಮುಂದೆ ಸಾಗುತ್ತದೆ, ನೊಗದ ಎಳೆತವು ಗಾಲಿಗಳಿಗಿರುವ ತಡೆಯನ್ನು ಮೀರಿದಾಗ ಚಕ್ಕಡಿ ಹೊರಡುತ್ತದೆ. ಮೇಜಿನ ಮೇಲಿಟ್ಟ ಪುಸ್ತಕದ ತೂಕಕ್ಕೆ ಮೇಜಿನ ಒತ್ತಡವೇ ಪ್ರತಿಕ್ರಿಯೆ ಎಂದು ಮಕ್ಕಳು ಬರೆಯುವುದನ್ನು ಕಂಡಾಗ ನನಗೆ ನೋವಾಗುತ್ತದೆ. ಭೂಮಿ ಪುಸ್ತಕವನ್ನು ಎಳೆಯುವುದಕ್ಕೆ ಪ್ರತಿಕ್ರಿಯೆಯೆಂದರೆ ಪುಸ್ತಕವು ಭೂಮಿಯನ್ನು ಅಷ್ಟೇ ಬಲದಿಂದ ಎಳೆಯುವುದು.

ಅದೇ ಮಳೆಗಾಲದಲ್ಲಿ ಹೊಲದ ದಾರಿಯ ರಾಡಿಯಲ್ಲಿ ನಮ್ಮ ಚಕ್ಕಡಿ ಹುಗಿದುಕೊಂಡಿತು. ಎತ್ತುಗಳು ಎಷ್ಟು ಜಗ್ಗಿದರೂ ಗೊರಸುಗಳು ಜಾರುತ್ತಿದ್ದವು. ಅಪ್ಪ ಬಾರಕೋಲು ಎತ್ತಲಿಲ್ಲ; ಕೆಳಗಿಳಿದು, ಚಕ್ಕಡಿಯಲ್ಲಿದ್ದ ಕಣಿಕೆಯ ಸಿವುಡು ಬಿಚ್ಚಿ, "ತಡಿ, ಮೊದಲ ಅವುಕ್ಕ ಕಾಲೂರಾಕ ನೆಲಾ ಸಿಗಲಿ" ಎನ್ನುತ್ತಾ ಎತ್ತುಗಳ ಕಾಲಡಿಗೆ ಹಾಸಿದರು. ಎರಡನೆಯ ಸಲ ಜಗ್ಗಿದಾಗ ಗಾಲಿಗಳು ಮೇಲೆದ್ದವು. ನಾನು ತಿರುಗಿ ನೋಡಿದೆ: ಹಾಸಿದ ಕಣಿಕೆ ಗೇಣಿನಷ್ಟು ಹಿಂದಕ್ಕೆ ಸರಿದು ರಾಡಿಯಲ್ಲಿ ಕಚ್ಚಿಕೊಂಡಿತ್ತು.