ಲಾಗಿನ್ ಆಯ್ತು, ಫೋಲ್ಡರ್ ಮಾತ್ರ ಕಾಣಲಿಲ್ಲ

ಕೋಲಾರದಲ್ಲಿ ನನ್ನ ಗೆಳೆಯನದೊಂದು ಟೊಮೆಟೊ ಮಂಡಿ ಇದೆ. ಅದಕ್ಕೊಂದು ವೆಬ್‌ಸೈಟ್ ಕೂಡ. ಜನ ನೋಡುವುದು ದರದ ಪುಟ ಒಂದನ್ನೇ, ಉಳಿದದ್ದೆಲ್ಲ ಸುಮ್ನೆ ಅಲಂಕಾರ. ಜುಲೈ ಸೀಸನ್ನಿನಲ್ಲಿ ಒಂದು ಬೆಳಿಗ್ಗೆ ಆ ಪುಟವೇ ಅಪ್‌ಲೋಡ್ ಆಗುತ್ತಿಲ್ಲ ಎಂದು ಕರೆದ. ಆಫೀಸಿನ ಬ್ರಾಡ್‌ಬ್ಯಾಂಡ್ ಹೋಗಿತ್ತು, ಮೊಬೈಲ್ ಹಾಟ್‌ಸ್ಪಾಟೇ ಗತಿ.

ಸರ್ವರಿಗೆ, ಅಂದರೆ ಸೈಟ್ ಇರುವ ದೂರದ ಕಂಪ್ಯೂಟರಿಗೆ, ಫೈಲು ಕಳಿಸುವ ಸಾಫ್ಟ್‌ವೇರ್ ಫೈಲ್‌ಝಿಲ್ಲಾ ತೆರೆದೆ. ಲಾಗಿನ್ ಆಯ್ತು. ಎಡಗಡೆ ನಮ್ಮ ಫೈಲುಗಳು ಕಂಡವು. ಬಲಗಡೆ ಸರ್ವರಿನದು ಬರಬೇಕಿತ್ತು, ಖಾಲಿ. ಸ್ವಲ್ಪ ಹೊತ್ತಿಗೆ ಫೋಲ್ಡರ್ ಪಟ್ಟಿ ಸಿಗಲಿಲ್ಲ ಎಂದು ಕೆಂಪಕ್ಷರ ಬಂತು.

"ಪಾಸ್‌ವರ್ಡ್ ತಪ್ಪಿರಬೇಕು" ಎಂದ ಗೆಳೆಯ. ತಪ್ಪಿದ್ದರೆ ಒಳಗೇ ಬಿಡುತ್ತಿರಲಿಲ್ಲ, ಅಲ್ವಾ?

ನಾವು ಬಳಸುತ್ತಿದ್ದದ್ದು ಎಫ್‌ಟಿಪಿ, ಕಂಪ್ಯೂಟರುಗಳ ನಡುವೆ ಫೈಲು ಸಾಗಿಸುವ ಹಳೆಯ ವಿಧಾನ. ಅದರ ಚಾಳಿಯೇ ಇದು. ಆದೇಶ ಕೊಡಲು ಸರ್ವರಿನ ಪೋರ್ಟ್ 21ರಲ್ಲಿ (ಪೋರ್ಟ್ ಅಂದರೆ ನಂಬರು ಹಾಕಿದ ಬಾಗಿಲಿದ್ದ ಹಾಗೆ) ಒಂದು ಸಂಪರ್ಕ, ಫೈಲು ಸಾಗಿಸಲು ಬೇರೆಯೇ ಇನ್ನೊಂದು. ಫೋಲ್ಡರ್ ಪಟ್ಟಿ ಬರುವುದೂ ಆ ಎರಡನೆಯದರಲ್ಲೇ. ಆಕ್ಟಿವ್ ಮೋಡಿನಲ್ಲಿ ಅದನ್ನು ಸರ್ವರೇ ನಮ್ಮ ಕಡೆಗೆ ತೆರೆಯಬೇಕು. ಹಾಟ್‌ಸ್ಪಾಟ್ ಹಿಂದಿರುವ ಲ್ಯಾಪ್‌ಟಾಪಿಗೆ ಹೊರಗಿನಿಂದ ದಾರಿ ಎಲ್ಲಿ? ಪ್ಯಾಸಿವ್ ಮೋಡಿನಲ್ಲಾದರೆ ಎರಡನ್ನೂ ನಾವೇ ಶುರು ಮಾಡುತ್ತೇವೆ. ಸೆಟ್ಟಿಂಗ್ಸ್‌ನಲ್ಲಿ ಯಾರೋ ಆಕ್ಟಿವ್ ಮಾಡಿಟ್ಟಿದ್ದರು. ಬದಲಾಯಿಸಿದ ಕೂಡಲೇ ಬಲಗಡೆ ಫೋಲ್ಡರುಗಳು ಸಾಲಾಗಿ ಬಂದವು.

ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. ಬರೀ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಯಾವ ಮುಚ್ಚುಮರೆಯೂ ಇಲ್ಲದೆ ಹೋಗುತ್ತದೆ. 1971ರಲ್ಲಿ ಇದರ ಮೊದಲ ರೂಪ ಬರೆದವರು ಐಐಟಿ ಕಾನ್ಪುರದಲ್ಲಿ ಓದಿ ಎಂಐಟಿ ಸೇರಿದ್ದ ಅಭಯ್ ಭೂಷಣ್. ಆಗ ನೆಟ್‌ವರ್ಕಿನಲ್ಲಿದ್ದದ್ದೇ ಕೆಲವು ಕಂಪ್ಯೂಟರುಗಳು, ಕಳ್ಳರ ಭಯ ಜಾಸ್ತಿ ಇರಲಿಲ್ಲ. ಈಗ ಹಾಗಲ್ಲವಲ್ಲ.

ಗೆಳೆಯನ ಸೈಟಿಗೆ ಜಾಗ ಕೊಟ್ಟ ಹೋಸ್ಟಿಂಗಿನಲ್ಲಿ ಎಸ್‌ಎಫ್‌ಟಿಪಿ ಎಂಬ ಸುರಕ್ಷಿತ ವಿಧಾನವೂ ಇತ್ತು. ಅದಕ್ಕೆ ಪೋರ್ಟ್ 22 ಒಂದೇ ಸಾಕು. ಎಲ್ಲವೂ ಗೂಢಲಿಪಿಯಲ್ಲೇ ಹೋಗುತ್ತದೆ, ಆಕ್ಟಿವ್ ಪ್ಯಾಸಿವ್ ರಗಳೆಯೇ ಇಲ್ಲ. ಮೊದಲ ಸಲ ಸೇರುವಾಗ ಸರ್ವರಿನ ಗುರುತಿನ ಉದ್ದನೆಯ ಅಕ್ಷರಸಾಲು ತೋರಿಸಿ, ನಂಬಬಹುದಾ ಎಂದು ಕೇಳಿತು. ಗೆಳೆಯ ಓಕೆ ಒತ್ತಲು ಹೋದ. ಕೈ ಹಿಡಿದು ನಿಲ್ಲಿಸಿದೆ. ಹೋಸ್ಟಿಂಗ್ ಪುಟದಲ್ಲಿ ಕೊಟ್ಟಿದ್ದ ಗುರುತಿನ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿ ಒತ್ತಿದೆವು.

ಹಾಟ್‌ಸ್ಪಾಟ್ ಯಾವಾಗ ಕೈಕೊಡುತ್ತದೋ ಗೊತ್ತಿಲ್ಲ. ಅರ್ಧ ಹೋದ ಫೈಲು ದರದ ಪುಟವನ್ನೇ ಕೆಡಿಸುತ್ತದೆ. ಅದಕ್ಕೇ ಮೊದಲು ಬೇರೆ ಹೆಸರಿನಲ್ಲಿ ಕಳಿಸಿ, ಎರಡೂ ಕಡೆ ಗಾತ್ರ ಒಂದೇ ಇದೆಯಾ ನೋಡಿ, ಆಮೇಲೆ ಹಳೆಯದನ್ನು ಪಕ್ಕಕ್ಕಿಟ್ಟು ಹೊಸದಕ್ಕೆ ಸರಿಯಾದ ಹೆಸರು ಕೊಟ್ಟೆ. ಹೆಸರು ಬದಲಾಗುವುದು ಕ್ಷಣದ ಕೆಲಸ.

ದರ ಸೈಟಿಗೆ ಬಂತು. ಅಷ್ಟರಲ್ಲಿ ಹರಾಜಿನಲ್ಲಿ ಹದಿನೈದು ಕೆಜಿ ಬಾಕ್ಸಿನ ಬೆಲೆ ಬದಲಾಗಿತ್ತು. ಗೆಳೆಯ ಗೊಣಗುತ್ತಾ ಅದೇ ಫೈಲು ಮತ್ತೆ ತೆರೆದ.