ಹಂಚಿನ ಮೇಲಿದ್ದ 1865

ಮಡಿಕೇರಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಸೊಸೈಟಿಯ ವಾರ್ಷಿಕ ವರದಿ, ಹಾಕಿ ಪಂದ್ಯದ ಬ್ಯಾನರ್, ಹೀಗೆ ಎಲ್ಲಾ ಮಾಡುತ್ತೇನೆ. ಆದರೆ ಮನಸ್ಸಿಟ್ಟು ಕೂರುವುದು ಸ್ಮರಣ ಸಂಚಿಕೆಯ ಕೆಲಸಕ್ಕೆ. ಒಂದು ಊರಿನ ನೆನಪು ನಮ್ಮ ಕೈಗೆ ಬರುತ್ತದೆ, ಅಲ್ವಾ?

ಕೆಲವು ವರ್ಷಗಳ ಹಿಂದೆ ನಮ್ಮ ಜಿಲ್ಲೆಯ ಸಣ್ಣ ಊರೊಂದರ ಪ್ರೊಟೆಸ್ಟೆಂಟ್ ಸಭೆಯವರು, ಅಂದರೆ ಚರ್ಚಿನವರು, ಬಂದರು. ಹಳೇ ಫೋಟೋಗಳು, ಸಭಾಪಾಲಕರ ಪಟ್ಟಿ, ಎರಡು ಪುಟ ಕೈಬರಹ, ಇಷ್ಟು ಕೊಟ್ಟರು. "ಚರಿತ್ರೆ ಭಾಗ ನೀವೇ ಸ್ವಲ್ಪ ಸರಿಮಾಡಿ ಬರೆದುಬಿಡಿ" ಅಂದರು. ನಾನು ಒಪ್ಪಿಕೊಂಡೆ.

ದೇವಾಲಯದ ಮಾಡು ರಿಪೇರಿ ನಡೆಯುತ್ತಿತ್ತು. ಇಳಿಸಿಟ್ಟ ಹಂಚೊಂದನ್ನು ಮಗುಚಿ ನೋಡಿದೆ. ಬಾಸೆಲ್ ಮಿಷನ್ ಟೈಲ್ ವರ್ಕ್ಸ್ ಎಂದು ಇಂಗ್ಲಿಷಿನಲ್ಲಿ ಅಚ್ಚೊತ್ತಿತ್ತು. ಜೊತೆಗೆ 1865. ನನಗೆ ಎಷ್ಟು ಖುಷಿಯಾಯಿತೆಂದರೆ, ಅವತ್ತೇ ಮುಖಪುಟಕ್ಕೆ "1865ರ ನಮ್ಮ ದೇವಾಲಯ" ಎಂದು ಹಾಕಿದೆ. ಮುಖಪುಟ ಬಣ್ಣದ್ದಾದ್ದರಿಂದ ಮೊದಲೇ ಪ್ರೆಸ್ಸಿಗೆ ಹೋಯಿತು. 500 ಪ್ರತಿ ಅಚ್ಚಾಗಿ ಬಂತು.

ಒಳಪುಟಗಳ ಪ್ರೂಫ್ ನೋಡಲು ಸಭೆಯ ಹಿರಿಯರೊಬ್ಬರು ಬಂದರು. ಮರಗೆಲಸ ಮಾಡಿದವರು, ಎಷ್ಟೋ ಮನೆಗಳ ಮಾಡು ಕಟ್ಟಿದವರು. ಮುಖಪುಟ ನೋಡಿ ಸುಮ್ಮನೆ ಕೂತರು. ಆಮೇಲೆ ಮೆಲ್ಲಗೆ ಕೇಳಿದರು, "ಇದು ಹಂಚು ನೋಡಿ ಹಾಕಿದ್ದಾ ಮಗಳೇ?"

"ಹೌದು ಅಜ್ಜ."

"ಅದು ಕಾರ್ಖಾನೆ ಶುರುವಾದ ವರ್ಷ. ನಮ್ಮ ಕೊಟ್ಟಿಗೆ ಹಂಚಲ್ಲೂ ಅದೇ ಇದೆ."

ನನ್ನ ಎದೆ ಧಸಕ್ಕೆಂದಿತು. ಅವರ ಮಾತು ಸರಿ. ಬಾಸೆಲ್ ಮಿಷನ್ ಅಂದರೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಬಂದ ಕ್ರೈಸ್ತ ಮಿಷನರಿಗಳ ಸಂಸ್ಥೆ. ಅದರ ಪ್ಲೆಬ್‌ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮತಾಂತರವಾಗಿ ಮನೆಯವರಿಂದ, ಜಾತಿಯಿಂದ ದೂರವಾದವರಿಗೆ ಹೊಟ್ಟೆಪಾಡು ಬೇಕಿತ್ತು. ನೇಯ್ಗೆಯ ಜೊತೆಗೆ ಹಂಚೂ ಆ ದಾರಿಯಾಯಿತು. ಮುಂದೆ ಎಷ್ಟೋ ವರ್ಷಗಳ ನಂತರ ತಯಾರಾದ ಹಂಚಿನ ಮೇಲೂ ಆ ಇಸವಿ ಗುರುತಾಗಿ ಉಳಿಯಿತು. ಅಡಿಗಲ್ಲಿನ ಮೇಲೆ ಗಿಡ ಬೆಳೆದಿತ್ತು, ನಾನು ಸರಿಸಿ ನೋಡಿರಲಿಲ್ಲ. ಮರುದಿನ ಹೋಗಿ ನೋಡಿದೆ. ಕಟ್ಟಡ 1865ಕ್ಕಿಂತ ಎಷ್ಟೋ ಈಚಿನದು. ಆದರೆ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಹಳೇ ರಿಜಿಸ್ಟರಿನ ಮೊದಲ ಹೆಸರುಗಳು ಕಟ್ಟಡಕ್ಕಿಂತ ಹಿಂದಿನವು. ಅಂದರೆ ಗೋಡೆ ಏಳುವ ಮೊದಲೇ ಜನ ಸೇರಿ ಪ್ರಾರ್ಥನೆ ಮಾಡುತ್ತಿದ್ದರು. ನಾನು ಹಾಕಿದ ಒಂದು ಇಸವಿ ಆ ಜನರನ್ನೇ ಮರೆಮಾಡುತ್ತಿತ್ತು. ಈಗಲೂ ಅದನ್ನು ನೆನೆದರೆ ಬೇಜಾರಾಗುತ್ತದೆ.

ಆ ಹೆದರಿಕೆಯಲ್ಲಿ ಇಡೀ ಲೇಖನವನ್ನು ಮತ್ತೆ ಓದಿದೆ. ಇನ್ನೊಂದು ತಪ್ಪು ಸಿಕ್ಕಿತು. ಮೊದಲು ಮೈಸೂರು ಕಡೆಯ ಸಭೆಯೊಂದರ ಸಂಚಿಕೆ ಮಾಡಿದ್ದೆ. ಅದರಲ್ಲಿದ್ದ ಮೆಥಡಿಸ್ಟ್ ಎಂಬ ಬೇರೆಯೇ ಪ್ರೊಟೆಸ್ಟೆಂಟ್ ಪಂಗಡದ ಮಿಷನ್ನಿನ ಪ್ಯಾರಾವನ್ನು ಎತ್ತಿ ಇಲ್ಲಿ ಅಂಟಿಸಿದ್ದೆ. ಹಳೇ ಮೈಸೂರಿನ ಗುಬ್ಬಿ, ಮೈಸೂರು ಕಡೆ ಕೆಲಸ ಮಾಡಿದವರು ಇಂಗ್ಲೆಂಡಿನ ವೆಸ್ಲಿಯನ್ ಮೆಥಡಿಸ್ಟರು. ಬೀದರ್, ಬೆಳಗಾವಿ ಕಡೆಯ ಮೆಥಡಿಸ್ಟರ ಬೇರು ಅಮೆರಿಕದ್ದು. ಈ ಸಭೆಯ ಬೇರು ಬಾಸೆಲ್ ಮಿಷನ್ನಿನದು. "ಮಂಗಳೂರು ಸಮಾಚಾರ"ವನ್ನು 1843ರಲ್ಲಿ ಶುರುಮಾಡಿದ ಹರ್ಮನ್ ಮೊಗ್ಲಿಂಗ್ ಅವರೇ 1853ರಲ್ಲಿ ಕೊಡಗಿಗೆ ಬಂದರು. ಅವರನ್ನು ಕರೆತಂದವರು ಅಳಮಂಡ ಸೋಮಯ್ಯ ಎಂಬ ಕೊಡವರು. ಅಮ್ಮತ್ತಿ, ಸಿದ್ದಾಪುರ ಕಡೆಯ ಆನಂದಪುರದಲ್ಲಿ ಹೊಲೆಯರ ಕುಟುಂಬಗಳು ನೆಲೆನಿಂತ ಕಥೆಯೂ ಈ ಚರಿತ್ರೆಯದೇ. ಅಚ್ಚಿನ ಕೆಲಸದವಳಾಗಿ ಕನ್ನಡದ ಮೊದಲ ಪತ್ರಿಕೆಯ ಸಂಪಾದಕರ ಹೆಸರನ್ನೇ ಬಿಟ್ಟಿದ್ದೆನಲ್ಲ ಎಂದು ತುಂಬಾ ನೊಂದುಕೊಂಡೆ.

ಗೊಂದಲಕ್ಕೆ ಕಾರಣವೂ ಇದೆ. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಸೇರಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆಯಿತು. ಮೈಸೂರು ಕಡೆಯ ಆ ಸಭೆಯ ಬೋರ್ಡಿನ ಮೇಲೂ ಬಾಸೆಲ್ ಮಿಷನ್ ಬೇರಿನ ಈ ಸಭೆಯ ಬೋರ್ಡಿನ ಮೇಲೂ ಇವತ್ತು ಇರುವ ಹೆಸರು ಒಂದೇ. ಹಿಂದಿನ ದಾರಿಗಳು ಮಾತ್ರ ಬೇರೆ ಬೇರೆ.

ಮುಖಪುಟವನ್ನು ನನ್ನ ಖರ್ಚಿನಲ್ಲೇ ಮತ್ತೆ ಅಚ್ಚು ಹಾಕಿಸಿದೆ. ಸಭೆಯವರು ಅರ್ಧ ಕೊಡುತ್ತೇವೆ ಅಂದರು, ನಾನು ಬೇಡ ಅಂದೆ.

ಈಗ ಇಂಥ ಕೆಲಸ ಬಂದರೆ ಕಂಪ್ಯೂಟರ್ ಮುಂದೆ ಕೂರುವ ಮೊದಲು ಹಾಳೆಯ ಮೇಲೆ ಗೆರೆ ಎಳೆಯುತ್ತೇನೆ. ಸಭೆ ಸೇರಿದ ವರ್ಷ, ಅಡಿಗಲ್ಲು, ಪ್ರತಿಷ್ಠೆ, ಮಾಡು, ಈಗಿನ ಹೆಸರು. ಪ್ರತಿ ಇಸವಿಯ ಪಕ್ಕ ಅದು ಎಲ್ಲಿ ಸಿಕ್ಕಿತು ಎಂದು ಬರೆಯುತ್ತೇನೆ. ಕೆಲಸ ಕಲಿಯಲು ಬಂದ ಹುಡುಗರಿಗೆ ಮಡಿಕೇರಿ ಕೋಟೆಯನ್ನು ತೋರಿಸುತ್ತೇನೆ. ಅಲ್ಲಿನ ಸೇಂಟ್ ಮಾರ್ಕ್ಸ್ ಚರ್ಚ್ ಕಟ್ಟಡದಲ್ಲಿ ಈಗಿರುವುದು ಸರ್ಕಾರಿ ಮ್ಯೂಸಿಯಂ. ಅದರ ವಯಸ್ಸೆಷ್ಟು ಎಂದು ಕೇಳಿದರೆ ಅವರು ತಿರುಗಿ ಕೇಳಬೇಕು: ಕಟ್ಟಡದ್ದಾ, ಮ್ಯೂಸಿಯಂದಾ?

ಆ ಅಜ್ಜ ಸಂಚಿಕೆ ಬಿಡುಗಡೆಯ ದಿನ ನನಗೊಂದು ಹಂಚು ತಂದುಕೊಟ್ಟರು. ಅವರ ಕೊಟ್ಟಿಗೆಯದು. ನನ್ನ ಮೇಜಿನ ಮೇಲೆ, ಪ್ರೂಫ್ ಹಾಳೆಗಳು ಹಾರದಂತೆ ಅದನ್ನೇ ಇಡುತ್ತೇನೆ.