ಇನ್ನೂ ಸೆಕೆಂಡ್ ಟೀಮ್‌ನಲ್ಲೇ ಯಾಕೆ ಆಡ್ತೀಯ?

"ಫಸ್ಟ್ ಟೀಮ್‌ಗೆ ಯಾವಾಗ ಹೋಗ್ತೀಯೋ?" ಊರಿಗೆ ಫೋನ್ ಮಾಡಿದಾಗ ಅಪ್ಪ ಕೇಳುವ ಪ್ರಶ್ನೆ ಇದು. ನಾನು ಆಡುವುದು ಇಂಗ್ಲೆಂಡಿನ ಒಂದು ಕ್ರಿಕೆಟ್ ಕ್ಲಬ್‌ನ ಎರಡನೇ ತಂಡದಲ್ಲಿ. ಚಿಕ್ಕಪ್ಪನ ಮಕ್ಕಳೂ ಕೇಳುತ್ತಾರೆ. ಇಲ್ಲಿ ಇಂಗ್ಲೆಂಡಿನಲ್ಲಿ ಕನ್ನಡದವರ ದೀಪಾವಳಿ ಊಟಕ್ಕೆ ಹೋದರೆ ಅಲ್ಲೂ ಅದೇ ಮಾತು. "ಇಷ್ಟು ವರ್ಷದಿಂದ ಆಡ್ತಿದ್ದೀರ, ಇನ್ನೂ ಸೆಕೆಂಡ್ ಟೀಮ್ ಅಲ್ವಾ? ಬೇಜಾರಾಗಲ್ವಾ?"

ಹೀಗೆ ಕೇಳುವುದು ಸಹಜ. ನಮ್ಮೂರು ಭದ್ರಾವತಿ, ಜಿ.ಆರ್. ವಿಶ್ವನಾಥ್ ಹುಟ್ಟಿದ ಊರು. 1969ರಲ್ಲಿ ಕಾನ್ಪುರದ ತಮ್ಮ ಮೊದಲ ಟೆಸ್ಟ್‌ನಲ್ಲಿ ಅವರು ಮೊದಲ ಇನಿಂಗ್ಸ್‌ಗೆ ಸೊನ್ನೆ, ಎರಡನೆಯದಕ್ಕೆ 137 ಮಾಡಿದ ಕತೆ ಕೇಳುತ್ತಲೇ ನಾವು ಬೆಳೆದವರು. ಅಲ್ಲಿ ಕ್ರಿಕೆಟ್ ಅಂದರೆ ಮೇಲೆ ಹೋಗುವುದು. ಸ್ಕೂಲ್ ಟೀಮ್, ಆಮೇಲೆ ಶಿವಮೊಗ್ಗ ವಲಯ, ಆಮೇಲೆ ರಾಜ್ಯ. ಮೇಲೆ ಹೋಗದವನು ಆಟ ಬಿಟ್ಟು ಕೆಲಸ ಹುಡುಕುತ್ತಾನೆ. ಹಾಗಾಗಿ ಒಬ್ಬ ಮನುಷ್ಯ ತನ್ನಿಷ್ಟದಿಂದಲೇ ಎರಡನೇ ತಂಡದಲ್ಲಿ ಉಳಿಯುತ್ತಾನೆ ಅನ್ನುವುದು ಅಲ್ಲಿನವರಿಗೆ ಒಪ್ಪಿಗೆಯಾಗುವುದು ಕಷ್ಟ.

ನಾನು ಇಷ್ಟಪಟ್ಟೇ ಉಳಿದಿದ್ದೇನೆ. ಫಸ್ಟ್ ಟೀಮ್‌ಗೆ ಜನ ಕಡಿಮೆಯಾದಾಗ ಕರೆದರೆ ಹೋಗಿ ಆಡಿ ಬರುತ್ತೇನೆ. ಮುಂದಿನ ಶನಿವಾರ ಮತ್ತೆ ಸೆಕೆಂಡ್ಸ್‌ಗೇ ವಾಪಸ್. ಯಾಕೆ ಅಂತ ಹೇಳಬೇಕಾದರೆ ಇಲ್ಲಿನ ಕ್ಲಬ್ ಕ್ರಿಕೆಟ್ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳಬೇಕು.

ಒಂದು ಸಾಧಾರಣ ಕ್ಲಬ್‌ಗೆ ಮೂರೋ ನಾಲ್ಕೋ ತಂಡ ಇರುತ್ತವೆ, ಎಲ್ಲಕ್ಕಿಂತ ಬಲವಾದದ್ದು ಫಸ್ಟ್ ಟೀಮ್, ಅದರ ಕೆಳಗೆ ಸೆಕೆಂಡ್, ಹೀಗೆ. ಲೀಗ್ ಪಂದ್ಯ ಶನಿವಾರ. ನಮ್ಮಲ್ಲಿ ಒಂದು ಡಿವಿಷನ್‌ನಲ್ಲಿ ಹತ್ತು ತಂಡ. ಪ್ರತಿ ತಂಡದ ಜೊತೆ ಒಮ್ಮೆ ನಮ್ಮ ಗ್ರೌಂಡ್‌ನಲ್ಲಿ, ಒಮ್ಮೆ ಅವರ ಗ್ರೌಂಡ್‌ನಲ್ಲಿ, ಒಟ್ಟು 18 ಪಂದ್ಯ. ಮೇ ತಿಂಗಳಲ್ಲಿ ಶುರುವಾಗಿ ಸೆಪ್ಟೆಂಬರ್ ಶುರುವಿನಲ್ಲಿ ಮುಗಿಯುತ್ತದೆ. ಮೇಲಿನ ಎರಡು ತಂಡಗಳಿಗೆ ಬಡ್ತಿ, ಕೆಳಗಿನ ಎರಡು ಕೆಳಗಿನ ಡಿವಿಷನ್‌ಗೆ. ಸೆಕೆಂಡ್ ಟೀಮ್‌ಗಳಿಗೆ ಬೇರೆಯೇ ಡಿವಿಷನ್‌ಗಳಿವೆ, ಸೆಕೆಂಡ್ಸ್ ಆಡುವುದು ಸೆಕೆಂಡ್ಸ್ ಜೊತೆಗೇ. ನಮ್ಮ ಫಸ್ಟ್ ಟೀಮ್ ಮನೆಯಂಗಳದಲ್ಲಿ ಆಡುವ ದಿನ ನಾವು ಎದುರಾಳಿ ಕ್ಲಬ್‌ನ ಊರಿಗೆ ಹೋಗುತ್ತೇವೆ. ಯಾರಿಗೂ ಸಂಬಳ ಇಲ್ಲ. ನಾವೇ ಮ್ಯಾಚ್ ಫೀ ಕೊಟ್ಟು ಆಡುತ್ತೇವೆ.

ಈ ಲೀಗ್ ಪದ್ಧತಿ ಇಂಗ್ಲೆಂಡಿನ ಎಲ್ಲ ಕಡೆ ಒಂದೇ ಕಾಲಕ್ಕೆ ಬಂದದ್ದಲ್ಲ. ಬರ್ಮಿಂಗ್‌ಹ್ಯಾಮ್ ಲೀಗ್ 1888ರಷ್ಟು ಹಳೆಯದು. ದಕ್ಷಿಣದ ಕ್ಲಬ್‌ಗಳು ಮಾತ್ರ ಪಾಯಿಂಟ್ಸ್ ಬಂದರೆ ಆಟ ಕೆಡುತ್ತದೆ ಅಂತ ಬಹಳ ಕಾಲ ಬರೀ ಫ್ರೆಂಡ್ಲಿ ಪಂದ್ಯ ಆಡಿಕೊಂಡಿದ್ದವು. ದಕ್ಷಿಣದ ಸರ್ರೆ ಚಾಂಪಿಯನ್‌ಶಿಪ್ ಲೀಗ್ ಶುರುವಾದದ್ದು 1968ರಲ್ಲಿ. ಆ ಫ್ರೆಂಡ್ಲಿ ಕಾಲವನ್ನು ಕಂಡ ಹಿರಿಯರು ಇಲ್ಲಿನ ಕ್ಲಬ್‌ಗಳಲ್ಲಿ ಈಗಲೂ ಇದ್ದಾರೆ. ಪಾಯಿಂಟ್ಸ್ ಬಂದಮೇಲೆ ಆಟ ಗಟ್ಟಿಯಾಯಿತು ಅಂತಲೇ ಅವರಲ್ಲಿ ಕೆಲವರು ಹೇಳುತ್ತಾರೆ. ನನಗೂ ಹಾಗೇ ಅನಿಸುತ್ತದೆ.

ಇನ್ನು ಸೆಕೆಂಡ್ ಟೀಮ್‌ನ ನಿಜವಾದ ಕಷ್ಟಕ್ಕೆ ಬರೋಣ. ಅದು ಶುಕ್ರವಾರ ಸಂಜೆಯ ಕಷ್ಟ.

ವಾರದ ನಡುವೆ ಎಲ್ಲ ಕ್ಯಾಪ್ಟನ್‌ಗಳು ಸೇರಿ ತಂಡಗಳನ್ನು ಆರಿಸುತ್ತೇವೆ. ಎರಡನೇ ತಂಡದ ಕ್ಯಾಪ್ಟನ್ ನಾನು. ಗುರುವಾರ ರಾತ್ರಿ ನನ್ನ ಹತ್ತಿರ ಹನ್ನೊಂದು ಹೆಸರು ಇರುತ್ತವೆ, ಓಪನರ್ ಯಾರು, ಹೊಸ ಬಾಲ್ ಯಾರ ಕೈಗೆ ಅಂತೆಲ್ಲ ಲೆಕ್ಕ ಮುಗಿದಿರುತ್ತದೆ. ಶುಕ್ರವಾರ ಸಂಜೆ ಫಸ್ಟ್ ಟೀಮ್‌ನ ಒಬ್ಬ ಬೌಲರ್‌ಗೆ ಬೆನ್ನು ನೋವು. ಅವರು ನನ್ನ ಒಳ್ಳೆಯ ಬೌಲರ್‌ನನ್ನು ಕೇಳುತ್ತಾರೆ. ನಾನು ಕೊಡುತ್ತೇನೆ, ಕೊಡಲೇಬೇಕು. ಆ ಜಾಗಕ್ಕೆ ನಾನು ಮೂರನೇ ತಂಡದಿಂದ ಒಬ್ಬನನ್ನು ಎಳೆದುಕೊಳ್ಳುತ್ತೇನೆ. ಮೂರನೆಯವರು ನಾಲ್ಕನೆಯವರಿಂದ. ಮೇಲೆ ಒಬ್ಬನಿಗೆ ಬೆನ್ನು ನೋವಾದರೆ ಕೆಳಗೆ ಮೂರು ತಂಡ ಅಲುಗಾಡುತ್ತವೆ. ಕೊನೆಗೆ ನಾಲ್ಕನೇ ತಂಡದ ಕ್ಯಾಪ್ಟನ್ ರಾತ್ರಿ ಹತ್ತು ಗಂಟೆಗೆ ಯಾರದೋ ಭಾವಮೈದುನನಿಗೆ ಫೋನ್ ಮಾಡುತ್ತಿರುತ್ತಾರೆ.

ಇದರಲ್ಲಿ ಎರಡನೇ ತಂಡದ ಜಾಗ ವಿಚಿತ್ರ. ಮೇಲಿನವರಿಗೆ ಕೊಡಬೇಕು, ಕೆಳಗಿನವರಿಂದ ತೆಗೆದುಕೊಳ್ಳಬೇಕು. ಸತತ ಎರಡು ಶನಿವಾರ ಅದೇ ಹನ್ನೊಂದು ಜನ ಆಡಿದ್ದು ತೀರ ಅಪರೂಪ. ಮೇ, ಜೂನ್‌ನಲ್ಲಿ ಹುಡುಗರಿಗೆ ಜಿಸಿಎಸ್‌ಇ ಪರೀಕ್ಷೆ, ನಮ್ಮ ಎಸ್‌ಎಸ್‌ಎಲ್‌ಸಿ ಇದ್ದ ಹಾಗೆ. ಆಗಸ್ಟ್‌ನಲ್ಲಿ ಸಂಸಾರಸ್ಥರೆಲ್ಲ ರಜೆಗೆ ಹೋಗುತ್ತಾರೆ, ನಮ್ಮಂಥವರು ಊರಿಗೆ. ಆಗ ಪರೀಕ್ಷೆ ಮುಗಿಸಿದ ಹುಡುಗರೇ ತಂಡವನ್ನು ನಡೆಸುತ್ತಾರೆ. ಹೀಗೆ ತಂಡ ವಾರವಾರವೂ ಬದಲಾಗುವಾಗ ಯಾರಾದರೂ ಇಬ್ಬರು ಮೂವರು ಪ್ರತಿ ಶನಿವಾರ ಅಲ್ಲೇ ಇರಬೇಕು. ಯಾವ ಹುಡುಗ ಯಾವ ಫೀಲ್ಡಿಂಗ್ ಜಾಗದಲ್ಲಿ ಧೈರ್ಯವಾಗಿರುತ್ತಾನೆ, ಯಾರನ್ನು ರೇಗಿದರೆ ಮುದುಡಿಕೊಳ್ಳುತ್ತಾನೆ, ಯಾರಿಗೆ ಮನೆಗೆ ಹೋಗಲು ಕಾರಿಲ್ಲ, ಇದೆಲ್ಲ ಗೊತ್ತಿರುವವರು. ನಾನು ಅವರಲ್ಲೊಬ್ಬ. ನಾನು ಫಸ್ಟ್ ಟೀಮ್‌ಗೆ ಹೋದರೆ ಅಲ್ಲಿ ಏಳನೇ ನಂಬರ್ ಬ್ಯಾಟ್ಸ್‌ಮನ್ ಆಗುತ್ತೇನೆ, ಅಷ್ಟೇ. ಇಲ್ಲಿ ನನ್ನಿಂದ ಆಗುವ ಕೆಲಸ ಜಾಸ್ತಿ ಇದೆ.

ಎರಡನೇ ತಂಡದಲ್ಲಿ ಯಾರು ಯಾರು ಆಡುತ್ತಾರೆ ನೋಡಿ. ಹದಿನಾಲ್ಕರ ಹುಡುಗ ಇರುತ್ತಾನೆ. ಒಂದು ಕಾಲಕ್ಕೆ ಫಸ್ಟ್ ಟೀಮ್ ಕ್ಯಾಪ್ಟನ್ ಆಗಿದ್ದು ಈಗ ಐವತ್ತು ದಾಟಿದವರು ಇರುತ್ತಾರೆ. ನಡುವೆ ಬಡಗಿ, ಮೇಷ್ಟ್ರು, ಆಸ್ಪತ್ರೆಯ ನೈಟ್ ಡ್ಯೂಟಿ ಮುಗಿಸಿ ಬಂದ ಡಾಕ್ಟರ್, ನನ್ನಂಥ ಸಾಫ್ಟ್‌ವೇರ್‌ನವರು. ಊರಲ್ಲಿ ನಾನು ಆಡಿದ್ದೆಲ್ಲ ನನ್ನ ವಯಸ್ಸಿನವರ ಜೊತೆ, ಅಂಡರ್ 14, ಅಂಡರ್ 16 ಅಂತ. ಅಪ್ಪನ ವಯಸ್ಸಿನವರ ಜೊತೆ ಜೊತೆಯಾಟ ಆಡಿದ್ದು ಇಲ್ಲಿಗೆ ಬಂದಮೇಲೆಯೇ.

ಹುಡುಗರಿಗೆ ಕಟ್ಟುನಿಟ್ಟಾದ ನಿಯಮಗಳಿವೆ. 18ರ ಒಳಗಿನವರು ಬ್ಯಾಟ್ ಮಾಡುವಾಗ ಹೆಲ್ಮೆಟ್ ಬೇಕೇ ಬೇಕು. ಚಿಕ್ಕವರು ಬ್ಯಾಟ್ಸ್‌ಮನ್‌ಗೆ ತೀರ ಹತ್ತಿರ ಫೀಲ್ಡಿಂಗ್ ನಿಲ್ಲುವಂತಿಲ್ಲ. ವೇಗದ ಬೌಲರ್ ಹುಡುಗ ಒಂದು ಸ್ಪೆಲ್‌ಗೆ, ಅಂದರೆ ಒಂದೇ ಸಮನೆ, ಎಷ್ಟು ಓವರ್ ಹಾಕಬಹುದು, ದಿನಕ್ಕೆ ಎಷ್ಟು ಹಾಕಬಹುದು ಅಂತ ಅವನ ವಯಸ್ಸಿನ ಮೇಲೆ ಮಿತಿ ಇದೆ. ಬೆಳೆಯುವ ಬೆನ್ನೆಲುಬಿಗೆ ಪೆಟ್ಟಾಗಬಾರದು ಅಂತ ಮಾಡಿದ ನಿಯಮ. ಹುಡುಗ ವಿಕೆಟ್ ಮೇಲೆ ವಿಕೆಟ್ ತೆಗೆಯುತ್ತಿದ್ದರೂ ಮಿತಿ ಮುಗಿದ ಕೂಡಲೇ ಬಾಲ್ ವಾಪಸ್ ತೆಗೆದುಕೊಳ್ಳಬೇಕು. "ಇನ್ನೊಂದೇ ಓವರ್" ಅಂತ ಅವನು ನೋಡುವ ನೋಟಕ್ಕೆ ಕರಗಬಾರದು. ಈ ನಿಯಮದ ಬಗ್ಗೆ ಗೊಣಗುವ ಕ್ಯಾಪ್ಟನ್‌ಗಳಿದ್ದಾರೆ. ನಾನು ಪೂರ್ತಿ ನಿಯಮದ ಪರ.

ಅಂಪೈರಿಂಗ್ ಬಗ್ಗೆ ಹೇಳಿದರೆ ಊರಿನ ಗೆಳೆಯರು ನಂಬುವುದೇ ಇಲ್ಲ. ಮೇಲಿನ ಡಿವಿಷನ್‌ಗಳಿಗೆ ಲೀಗ್‌ನಿಂದ ಅಂಪೈರ್ ಬರುತ್ತಾರೆ. ನಮ್ಮ ಮಟ್ಟದಲ್ಲಿ ಎಷ್ಟೋ ಪಂದ್ಯಗಳಿಗೆ ಯಾರೂ ಬರುವುದಿಲ್ಲ. ಆಗ ಬ್ಯಾಟಿಂಗ್ ಮಾಡುವ ತಂಡದವರೇ ಕೆಲವು ಓವರ್‌ಗಳಂತೆ ಸರದಿಯಲ್ಲಿ ಬಿಳಿ ಕೋಟು ಹಾಕಿ ನಿಲ್ಲಬೇಕು. ಅಂದರೆ ನಮ್ಮ ಬ್ಯಾಟ್ಸ್‌ಮನ್‌ಗೆ ನಾವೇ ಔಟ್ ಕೊಡಬೇಕು. ರನ್‌ಔಟ್, ಕ್ಯಾಚ್ ಆದರೆ ಕಷ್ಟವಿಲ್ಲ. ಎಲ್‌ಬಿಡಬ್ಲ್ಯೂ ಬಂದಾಗ ಗೊತ್ತಾಗುತ್ತದೆ. ಹದಿನಾರರ ಹುಡುಗನೊಬ್ಬ ನಿಂತಿದ್ದಾನೆ, ಎದುರಿಗೆ ಅವನದೇ ಕ್ಯಾಪ್ಟನ್, ನಾನು. ಬಾಲ್ ಪ್ಯಾಡಿಗೆ ಬಡಿಯಿತು, ಹನ್ನೊಂದು ಜನ ಕೂಗಿದರು. ಅವನು ಒಂದು ಕ್ಷಣ ಯೋಚಿಸಿ ಬೆರಳೆತ್ತಿದ. ಮಿಡಲ್ ಸ್ಟಂಪ್‌ಗೇ ಹೋಗುತ್ತಿದ್ದ ಬಾಲ್ ಅದು. ಪೆವಿಲಿಯನ್‌ನಲ್ಲಿ ಅವನಿಗೆ ಎಲ್ಲರ ಎದುರು ಹೇಳಿದೆ: "ಸರಿಯಾಗಿ ಕೊಟ್ಟೆ." ಹಾಗೆ ಹೇಳುವುದು ಕ್ಯಾಪ್ಟನ್ ಕೆಲಸ ಅಂತ ನಾನು ನಂಬಿದ್ದೇನೆ. ಮುಂದಿನ ವಾರ ಇನ್ನೊಬ್ಬ ಹುಡುಗ ಹೆದರದೆ ಬೆರಳೆತ್ತಬೇಕು ಅಲ್ವಾ?

ಡ್ರಾ ಬಗ್ಗೆಯೂ ಹೇಳಬೇಕು. ನಮ್ಮ ಲೀಗ್‌ನಲ್ಲಿ ಸೀಸನ್‌ನ ಕೆಲವು ಪಂದ್ಯ ಲಿಮಿಟೆಡ್ ಓವರ್, ಉಳಿದವು ಟೈಮ್ ಗೇಮ್. ಟೈಮ್ ಗೇಮ್‌ನಲ್ಲಿ ಮೊದಲು ಬ್ಯಾಟ್ ಮಾಡಿದವರು ಗೆಲ್ಲಬೇಕಾದರೆ ರನ್ ಜಾಸ್ತಿ ಹೊಡೆದರೆ ಸಾಲದು, ಆಟ ಮುಗಿಯುವುದರೊಳಗೆ ಎದುರಾಳಿಯ ಹತ್ತೂ ವಿಕೆಟ್ ತೆಗೆಯಬೇಕು. ಆಗದಿದ್ದರೆ ಡ್ರಾ. ಒಂದೇ ದಿನದ ಆಟದಲ್ಲಿ ಡ್ರಾ ಏನು ಅಂತ ಅಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಈಗ ಅವರಿಗೆ ಅದೇ ಬಹಳ ಇಷ್ಟ. ಇಂಗ್ಲೆಂಡ್ ಕ್ರಿಕೆಟ್ ಮಂಡಳಿಯ ಪ್ಲೇ-ಕ್ರಿಕೆಟ್ ಸೈಟ್‌ನಲ್ಲಿ ಕ್ಲಬ್ ಪಂದ್ಯಗಳ ಸ್ಕೋರ್ ಹಾಕುತ್ತಾರೆ. ಭಾನುವಾರ ಬೆಳಿಗ್ಗೆ ಕಾಫಿ ಜೊತೆ ಅಪ್ಪ ಭದ್ರಾವತಿಯಲ್ಲಿ ಕೂತು ನಮ್ಮ ಸೆಕೆಂಡ್ಸ್ ಸ್ಕೋರ್‌ಕಾರ್ಡ್ ಓದುತ್ತಾರೆ. ನಾನು ಏಳುವ ಹೊತ್ತಿಗೆ ಅವರ ಮೆಸೇಜ್ ಬಂದಿರುತ್ತದೆ: "ಆ ಹನ್ನೊಂದನೇ ನಂಬರ್ ಹುಡುಗ 31 ಬಾಲ್ ಆಡಿ 2 ರನ್ನಾ? ಭೇಷ್."

ಆ 2 ರನ್‌ಗೆ ಬೆಲೆ ಇತ್ತು. ಒಂಬತ್ತು ವಿಕೆಟ್ ಬಿದ್ದಿತ್ತು, ಗೆಲ್ಲುವ ದಾರಿ ಇರಲಿಲ್ಲ. ಒಂದು ಕಡೆ ಶಾಲೆಗೆ ಹೋಗುವ ಹುಡುಗ, ಇನ್ನೊಂದು ಕಡೆ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ನಮ್ಮ ಹಿರಿಯ ಆಟಗಾರ. ಬ್ಯಾಟಿನ ಸುತ್ತ ಆರು ಜನ ಫೀಲ್ಡರ್‌ಗಳು. ಸಂಜೆ ಏಳು ದಾಟಿದೆ. ಜೂನ್‌ನಲ್ಲಿ ಇಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ, ಕತ್ತಲಾಯಿತು ಅಂತ ತಪ್ಪಿಸಿಕೊಳ್ಳುವ ಹಾಗಿಲ್ಲ. ಪ್ರತಿ ಓವರ್ ಮುಗಿದಾಗ ಹಿರಿಯರು ನಡೆದು ಬಂದು ಹುಡುಗನ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಆಮೇಲೆ ಅವನನ್ನು ಕೇಳಿದೆ, ಏನು ಹೇಳ್ತಿದ್ರು ಅಂತ. "ಮುಂದಿನ ಬಾಲ್ ಒಂದೇ ನೋಡು, ಸ್ಕೋರ್‌ಬೋರ್ಡ್ ನೋಡಬೇಡ." ಆ ಡ್ರಾಗೆ ಸಿಕ್ಕ ಪಾಯಿಂಟ್ಸ್ ಕೈಬೆರಳಲ್ಲಿ ಎಣಿಸುವಷ್ಟು. ಆದರೆ ಆ ಹುಡುಗ ಅಂದಿನಿಂದ ಯಾವ ಬೌಲರ್‌ಗೂ ಹೆದರಿಲ್ಲ. ಇವತ್ತು ಅವನು ಫಸ್ಟ್ ಟೀಮ್‌ನಲ್ಲಿದ್ದಾನೆ. ಹೀಗೆ ನಮ್ಮ ಕೈಯಲ್ಲಿ ಬೆಳೆದು ಮೇಲೆ ಹೋದವರನ್ನು ನೋಡಿದಾಗ ಆಗುವ ಖುಷಿ ನನಗೆ ಐವತ್ತು ಹೊಡೆದಾಗಲೂ ಆಗುವುದಿಲ್ಲ.

ಈಗ ಬಹಳ ಜನ ಒಪ್ಪದ ಒಂದು ಮಾತು. ಸೀಸನ್‌ನ ಕೊನೆಯಲ್ಲಿ, ಎರಡನೇ ತಂಡ ಕೆಳಗೆ ಬೀಳುವ ಹಾಗಿದ್ದಾಗ, ಕೆಲವು ಕ್ಲಬ್‌ಗಳು ಫಸ್ಟ್ ಟೀಮ್‌ನ ಬಲಿಷ್ಠರನ್ನು ಕೆಳಗೆ ಇಳಿಸುತ್ತವೆ. ಇದನ್ನು ತಡೆಯಲೆಂದೇ ಎಷ್ಟೋ ಲೀಗ್‌ಗಳಲ್ಲಿ ನಿಯಮ ಇದೆ. ಫಸ್ಟ್ ಟೀಮ್‌ನ ಮುಖ್ಯ ಆಟಗಾರರ ಹೆಸರಿಗೆ ಸ್ಟಾರ್ ಗುರುತು ಹಾಕಿರುತ್ತಾರೆ, ಅವರು ಸುಮ್ನೆ ಕೆಳಗೆ ಬಂದು ಆಡುವಂತಿಲ್ಲ. ಆದರೂ ಸ್ಟಾರ್ ಇಲ್ಲದ ಒಂದಿಬ್ಬರನ್ನು ನಿಯಮದೊಳಗೇ ಇಳಿಸಬಹುದು. ನಮ್ಮ ಕ್ಲಬ್‌ನಲ್ಲೂ ಕೊನೆಯ ಶನಿವಾರದ ಮೊದಲು ಈ ಮಾತು ಬಂತು. ಸೋತರೆ ಕೆಳಗಿನ ಡಿವಿಷನ್. ನಾನು ಬೇಡ ಅಂದೆ. ಮೇ ತಿಂಗಳ ಚಳಿಯಲ್ಲಿ ಎರಡೆರಡು ಸ್ವೆಟರ್ ಹಾಕಿಕೊಂಡು ಫೀಲ್ಡ್ ಮಾಡಿದ ಹುಡುಗನನ್ನು ಕೊನೆಯ ವಾರ ಕೂರಿಸಿ, ಒಂದು ದಿನಕ್ಕೆ ಬಂದವನಿಂದ ಡಿವಿಷನ್ ಉಳಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ. ನಮ್ಮವರೇ ಆಡಿದರು. ಸೋತೆವು, ಕೆಳಗೆ ಹೋದೆವು. ಕ್ಲಬ್‌ನಲ್ಲಿ ಕೆಲವರು ಇವತ್ತಿಗೂ ಅದನ್ನು ಒಪ್ಪುವುದಿಲ್ಲ. ಮುಂದಿನ ವರ್ಷ ಆ ಹುಡುಗರಲ್ಲಿ ಒಬ್ಬನೂ ಕ್ಲಬ್ ಬಿಡಲಿಲ್ಲ. ನನ್ನ ಮಟ್ಟಿಗೆ ಲೆಕ್ಕ ಸರಿಯಾಯಿತು.

ಹದಿನೇಳು, ಹದಿನೆಂಟರ ವಯಸ್ಸಿನಲ್ಲಿ ಹುಡುಗರು ಆಟ ಬಿಡುವುದು ಇಲ್ಲಿನ ಪ್ರತಿ ಕ್ಲಬ್‌ನ ಚಿಂತೆ. ಯೂನಿವರ್ಸಿಟಿ, ಶನಿವಾರದ ಪಾರ್ಟ್‌ಟೈಮ್ ಕೆಲಸ, ಬೇರೆ ಬೇರೆ ಕಾರಣ. ಆದರೆ ಸೆಕೆಂಡ್ ಟೀಮ್‌ಗೆ ಬಂದು ಬ್ಯಾಟಿಂಗ್ ಒಂಬತ್ತನೇ ನಂಬರ್, ಬೌಲಿಂಗ್ ಇಲ್ಲ, ದಿನವಿಡೀ ಬೌಂಡರಿ ಗೆರೆಯಲ್ಲಿ ನಿಂತು ಮನೆಗೆ ಹೋಗುವ ಹುಡುಗ ಇನ್ನೂ ಬೇಗ ಬಿಡುತ್ತಾನೆ. ಅದನ್ನು ತಪ್ಪಿಸುವುದು ಪೂರ್ತಿ ಕ್ಯಾಪ್ಟನ್ ಕೈಯಲ್ಲಿದೆ. ಮೇಲೆ ಹೋಗಲು ಕಣ್ಣಿಟ್ಟ ಕ್ಯಾಪ್ಟನ್‌ಗೆ ತನ್ನ ರನ್ ಮುಖ್ಯವಾಗುತ್ತದೆ. ಅದು ಸಹಜ. ಅದಕ್ಕೇ ಇಲ್ಲಿ ಉಳಿಯುವವರು ಬೇಕು ಅಂತ ನಾನು ಹೇಳುವುದು. "ಯಾವಾಗ ಹೋಗ್ತೀಯೋ" ಅನ್ನುವ ಅಪ್ಪನ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ನಾನು ಹೋಗುವುದಿಲ್ಲ ಅಪ್ಪ, ಕಳಿಸುತ್ತೇನೆ.

ಇಂಗ್ಲೆಂಡಿಗೆ ಹೊಸದಾಗಿ ಬಂದ ನಮ್ಮವರು ಸೇರುವುದು ಹೇಗೆ ಅಂತಲೂ ಕೇಳುತ್ತಾರೆ. ಸೀಸನ್ ಶುರುವಾಗುವ ತನಕ ಕಾಯಬೇಡಿ. ಜನವರಿ, ಫೆಬ್ರವರಿಯಲ್ಲಿ ಕ್ಲಬ್‌ಗಳ ಇಂಡೋರ್ ನೆಟ್ಸ್, ಅಂದರೆ ಒಳಾಂಗಣ ಅಭ್ಯಾಸ, ಶುರುವಾಗುತ್ತವೆ. ಮನೆಗೆ ಹತ್ತಿರದ ಕ್ಲಬ್‌ಗೆ ಒಂದು ಮೇಲ್ ಬರೆದು ಹೋಗಿ. ಬರೀ ಟೆನಿಸ್ ಬಾಲ್ ಆಡಿದ್ದರೂ ಪರವಾಗಿಲ್ಲ, ಅದನ್ನು ಮೊದಲೇ ಹೇಳಿ. ಪ್ಯಾಡ್, ಬ್ಯಾಟ್ ಕ್ಲಬ್ ಕಿಟ್‌ನಲ್ಲಿ ಸಿಗಬಹುದು, ಹೆಲ್ಮೆಟ್ ಮತ್ತು ಶೂ ಮಾತ್ರ ನಿಮ್ಮದೇ ಇರಲಿ. ಯಾವ ಶನಿವಾರ ಬರಲು ಆಗುವುದಿಲ್ಲ ಅಂತ ತಿಂಗಳ ಮೊದಲೇ ಕ್ಯಾಪ್ಟನ್‌ಗೆ ತಿಳಿಸಿ. ಶುಕ್ರವಾರ ರಾತ್ರಿ ಹೇಳಬೇಡಿ.